ಬೆಕ್ಕು ನುಡಿದ ಸಾಕ್ಷಿ

ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಬೆಂಗಳೂರಿನಿಂದ ಆನಗೋಡಿಗೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಗಳಿಗಿಂತ ಪುಸ್ತಕಗಳೇ ಹೆಚ್ಚಾಗಿದ್ದವು. ಎಲ್ಲವೂ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳು. ಎಲ್ಲದರ ರಕ್ಷಾಪುಟದ ಮೇಲೂ ಒಂದೊಂದು ಬೆಕ್ಕು. ಈ ಕಾದಂಬರಿಗಳಲ್ಲಿ ಕೊಲೆ ನಡೆಯುತ್ತದೆ, ಆದರೆ ರಕ್ತ ಕಾಣುವುದಿಲ್ಲ. ಪುಟ್ಟ ಊರು, ಪರಸ್ಪರ ಪರಿಚಯವಿರುವ ಜನ, ಚಹಾ, ಮಾತುಕತೆ, ಇವುಗಳ ನಡುವೆ ಪೊಲೀಸರಿಗೆ ಸಿಗದ ಸುಳಿವೊಂದನ್ನು ಮನೆಯ ಬೆಕ್ಕು ಹೊರಗೆಳೆಯುತ್ತದೆ. ಅಮೆರಿಕದ ಪತ್ರಕರ್ತೆ ಲಿಲಿಯನ್ ಜಾಕ್ಸನ್ ಬ್ರೌನ್ 1966ರಲ್ಲಿ ಇಂಥ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. 2011ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಅಂಥ 29 ಕಾದಂಬರಿಗಳನ್ನು ಬರೆದಿದ್ದರು. ಅವರ ಕೊಕೊ ಎಂಬ ಸಯಾಮಿ ಬೆಕ್ಕು ಕಪಾಟಿನಿಂದ ಪುಸ್ತಕವೊಂದನ್ನು ಕೆಡವುತ್ತದೆ. ಸುಳಿವು ಆ ಪುಸ್ತಕದ ಹೆಸರಿನಲ್ಲಿಯೇ ಅಡಗಿರುತ್ತದೆ. ಜಪಾನಿನ ಜಿರೋ ಅಕಾಗಾವಾ 1978ರಿಂದ ಬರೆದ ಸರಣಿಯಲ್ಲಿ ಮೂರು ಬಣ್ಣದ ಬೆಕ್ಕಿನ ಹೆಸರೇ ಹೋಮ್ಸ್.

ಬೆಕ್ಕಿಗೆ ಈ ಪತ್ತೇದಾರಿಕೆಯ ಹುದ್ದೆಯನ್ನು ಮೊದಲು ಕೊಟ್ಟವರು ಯಾರು ಎಂದು ಅವಳು ಕೇಳಿದಳು. ಅಜ್ಜನಿಗೆ ಎಲ್ಲವೂ ಗೊತ್ತಿದೆ ಎಂಬ ನಂಬಿಕೆ ಅವಳಲ್ಲಿ ಇನ್ನೂ ಉಳಿದಿದೆ. ಅದನ್ನು ಕೆಡಿಸುವ ಮನಸ್ಸಾಗದೆ ಎರಡು ದಿನ ಕಾಲಾವಕಾಶ ಕೇಳಿದೆ. ಸರ್ಕಾರಿ ನೌಕರಿಯಲ್ಲಿ ಮೂರು ದಶಕ ಕಳೆದವನಿಗೆ ಕಾಲಾವಕಾಶ ಕೇಳುವುದು ಸಹಜವಾಗಿಯೇ ಬರುತ್ತದೆ.

ಪತ್ತೇದಾರಿ ಕಾದಂಬರಿ ನನಗೆ ಹೊಸದೇನೂ ಅಲ್ಲ. ನಮ್ಮ ಬಾಲ್ಯದಲ್ಲಿ ದಾವಣಗೆರೆ ಹತ್ತಿಗಿರಣಿಗಳ ಊರು. ಅಂದು ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಆನಗೋಡಿನಿಂದ ಸಂತೆಗೆಂದು ಅಲ್ಲಿಗೆ ಹೋದ ಹಿರಿಯರಿಂದ ನಾವು ಬೇಡುತ್ತಿದ್ದುದು ಮಿಠಾಯಿಯನ್ನಲ್ಲ, ಎನ್. ನರಸಿಂಹಯ್ಯನವರ ಪುಸ್ತಕವನ್ನು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು ಐನೂರರಷ್ಟು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಕನ್ನಡದ ಮನೆಮಾತಾಗಿಸಿದರು. ಪಠ್ಯಪುಸ್ತಕದೊಳಗೆ ಪುರುಷೋತ್ತಮನನ್ನು ಬಚ್ಚಿಟ್ಟುಕೊಂಡು ಓದಿ ಅಪ್ಪನ ಕೈಯಲ್ಲಿ ಏಟು ತಿಂದವರ ತಲೆಮಾರು ನಮ್ಮದು. ಆದರೆ ಪುರುಷೋತ್ತಮನ ಬಳಿ ಬೆಕ್ಕು ಇದ್ದ ನೆನಪು ನನಗಿಲ್ಲ.

ನಮ್ಮ ಕಥಾಪರಂಪರೆಯಲ್ಲಿ ಬೆಕ್ಕಿಗೆ ಒಳ್ಳೆಯ ಹೆಸರೂ ಇಲ್ಲ. ಪಂಚತಂತ್ರದಲ್ಲಿ ಅದು ಕಪಟ ಸನ್ಯಾಸಿಯಾಗಿ ನ್ಯಾಯಪೀಠದಲ್ಲಿ ಕುಳಿತು, ವ್ಯಾಜ್ಯ ತಂದ ವಾದಿ ಪ್ರತಿವಾದಿಗಳಿಬ್ಬರನ್ನೂ ನುಂಗುತ್ತದೆ. ಕೃಷ್ಣದೇವರಾಯನ ಆಸ್ಥಾನದ ಕಥೆಯಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಹಾಲನ್ನು ಕಂಡರೆ ಓಡುವಂತಾಗುತ್ತದೆ. ಕಣ್ಣುಮುಚ್ಚಿ ಹಾಲು ಕುಡಿಯುವ ಕಳ್ಳನೆಂದು ಗಾದೆ ಅದನ್ನು ಹಂಗಿಸುತ್ತದೆ. ಅಡ್ಡ ಬಂದರೆ ಅಪಶಕುನ. ಹೀಗೆ ಸದಾ ಆರೋಪಿಯ ಸ್ಥಾನದಲ್ಲಿದ್ದ ಪ್ರಾಣಿ ಸಾಕ್ಷಿಯ ಕಟ್ಟೆ ಏರಿದ್ದು ಎಂದು ಎಂದು ಹುಡುಕುತ್ತ ಹೋದಾಗ ನನಗೆ ಎದುರಾದವರು ಎಡ್ಗರ್ ಅಲನ್ ಪೋ. ಅವರ ಕಥೆಗಳನ್ನು ಕಾಲೇಜಿನಲ್ಲಿ ಓದಿದ್ದೆ. ಬದುಕನ್ನು ಈಗ ಓದಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದೆ ಎಂದರೂ ತಪ್ಪಲ್ಲ. ಏಕೆಂದರೆ ಅದು ಆದಾಯವೆಂದೂ ವೆಚ್ಚವನ್ನು ಮುಟ್ಟದ ಒಂದು ಸಂಸಾರದ ಕಥೆ.

ಪೋ ಹುಟ್ಟಿದ್ದು 1809ರ ಜನವರಿ 19ರಂದು, ಬಾಸ್ಟನ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ನಾಟಕ ಕಂಪನಿಯ ನಟರು. ತಂದೆ ಸಂಸಾರ ಬಿಟ್ಟುಹೋದರು. 1811ರ ಡಿಸೆಂಬರಿನಲ್ಲಿ ತಾಯಿ ರಿಚ್‌ಮಂಡ್ ನಗರದಲ್ಲಿ ತೀರಿಕೊಂಡರು. ಮೂರು ವರ್ಷವೂ ತುಂಬದ ಮಗುವನ್ನು ಜಾನ್ ಅಲನ್ ಎಂಬ ಹೊಗೆಸೊಪ್ಪಿನ ವರ್ತಕ ಮನೆಗೆ ಕರೆದೊಯ್ದ. ತನ್ನ ಹೆಸರನ್ನು ಆ ಹುಡುಗನ ಹೆಸರಿನ ನಡುವೆ ಸೇರಲು ಬಿಟ್ಟನೇ ಹೊರತು ಕಾನೂನುಬದ್ಧವಾಗಿ ದತ್ತು ಸ್ವೀಕರಿಸಲಿಲ್ಲ. ಕಾಗದದಲ್ಲಿ ಬರೆಯದೇ ಉಳಿದ ಆ ಒಂದು ಸಾಲು ಮುಂದೆ ಹುಡುಗನ ಜೀವನವನ್ನೇ ತೀರ್ಮಾನಿಸಿತು. ಕಂದಾಯ ದಾಖಲೆಗಳ ನಡುವೆ ಬದುಕಿದ ನನಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಹುಡುಗ ಕೆಲಕಾಲ ಇಂಗ್ಲೆಂಡಿನಲ್ಲಿ ಓದಿದ. 1826ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದ. ಸಾಕುತಂದೆ ಕಳುಹಿಸಿದ ಹಣ ಖರ್ಚಿಗೆ ಸಾಲಲಿಲ್ಲ. ಹುಡುಗ ಜೂಜಿಗೆ ಇಳಿದು ಸಾಲ ಮಾಡಿದ. ಸಾಲ ತೀರಿಸಲು ಸಾಕುತಂದೆ ಒಪ್ಪಲಿಲ್ಲ. ಒಂದು ವರ್ಷ ತುಂಬುವ ಮೊದಲೇ ವಿದ್ಯಾಭ್ಯಾಸ ನಿಂತಿತು. ಇದರಲ್ಲಿ ತಪ್ಪು ಒಬ್ಬರದೇ ಎನ್ನಲಾಗದು. 1827ರಲ್ಲಿ ಹೆಸರನ್ನೂ ವಯಸ್ಸನ್ನೂ ಬದಲಿಸಿ ಬರೆಸಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದ ಆ ಹದಿನೆಂಟರ ತರುಣ, ಅದೇ ವರ್ಷ ತನ್ನ ಹೆಸರೇ ಇಲ್ಲದ ಪುಟ್ಟ ಕವನಸಂಕಲನವೊಂದನ್ನು ಅಚ್ಚು ಹಾಕಿಸಿದ. ಐವತ್ತು ಪ್ರತಿಗಳಷ್ಟೇ ಅಚ್ಚಾದವೆಂದು ನಂಬಲಾಗಿದೆ. ಅಂದು ಅದನ್ನು ಕೇಳುವವರಿರಲಿಲ್ಲ. 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದರ ಒಂದೇ ಒಂದು ಪ್ರತಿ 6,62,500 ಡಾಲರಿಗೆ ಮಾರಾಟವಾಯಿತು. ಪೋ ತಮ್ಮ ಇಡೀ ಜೀವಮಾನದಲ್ಲಿ ದುಡಿದದ್ದು ಇದರ ಸಣ್ಣ ಅಂಶವೂ ಅಲ್ಲ.

ಸೈನ್ಯದಿಂದ ಬಿಡುಗಡೆ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಪ್ರವೇಶ, 1831ರಲ್ಲಿ ಅಲ್ಲಿಂದ ಉಚ್ಚಾಟನೆ, ಇವೆಲ್ಲ ಬೇಗಬೇಗನೆ ಮುಗಿದವು. 1834ರಲ್ಲಿ ಜಾನ್ ಅಲನ್ ತೀರಿಕೊಂಡಾಗ ಅವನ ಉಯಿಲಿನಲ್ಲಿ ಪೋ ಹೆಸರಿಗೆ ಚಿಕ್ಕಾಸೂ ಇರಲಿಲ್ಲ. ಆಶ್ರಯ ದೊರೆತದ್ದು ಬಾಲ್ಟಿಮೋರಿನಲ್ಲಿ, ಸೋದರತ್ತೆ ಮರಿಯಾ ಕ್ಲೆಮ್ ಅವರ ಬಡ ಮನೆಯಲ್ಲಿ. ಅತ್ತೆಯ ಮಗಳು ವರ್ಜೀನಿಯಾಳನ್ನು ಪೋ 1836ರಲ್ಲಿ ಮದುವೆಯಾದರು. ಆಗ ಅವರಿಗೆ 27, ಅವಳಿಗೆ 13. ಮದುವೆಯ ಪತ್ರದಲ್ಲಿ ಅವಳ ವಯಸ್ಸನ್ನು 21 ಎಂದು ಬರೆಸಲಾಯಿತು. ನಮ್ಮಲ್ಲಿ ಹೆಣ್ಣಿನ ಮದುವೆಗೆ ಹದಿನಾಲ್ಕರ ಮಿತಿ ತರಲು 1929ರ ಶಾರದಾ ಕಾಯ್ದೆಯವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ ದೂರದವರನ್ನು ದೂಷಿಸಲು ನಾಲಗೆ ಹಿಂಜರಿಯುತ್ತದೆ. ಆದರೂ ದಾಖಲೆಯಲ್ಲಿ ಸುಳ್ಳು ಬರೆಸಿದ್ದು ಸುಳ್ಳೇ. ಅವರ ಬದುಕನ್ನು ಬರೆಯುವವರು ಇದನ್ನು ಮರೆಮಾಚಬೇಕಾಗಿಲ್ಲ.

ಬರವಣಿಗೆಯೊಂದನ್ನೇ ನಂಬಿ ಬದುಕುತ್ತೇನೆಂದು ಹೊರಟ ಮೊದಲ ಅಮೆರಿಕನ್ ಲೇಖಕರಲ್ಲಿ ಪೋ ಒಬ್ಬರು. ಆದರೆ ಅವರು ಆರಿಸಿಕೊಂಡ ಕಾಲ ಅತ್ಯಂತ ಕೆಟ್ಟದ್ದು. 1837ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ವರ್ಷಗಟ್ಟಲೆ ಮುಗ್ಗಟ್ಟು ಆವರಿಸಿತು. ಅದಕ್ಕಿಂತ ದೊಡ್ಡ ಅಡ್ಡಿ ಕೃತಿಸ್ವಾಮ್ಯದ ಕಾನೂನಿನದು. ಆ ದೇಶದಲ್ಲಿ ಪರದೇಶದ ಲೇಖಕರಿಗೆ ಕೃತಿಸ್ವಾಮ್ಯವೇ ಇರಲಿಲ್ಲ. ಅದು ಬಂದದ್ದು 1891ರಲ್ಲಿ. ಇಂಗ್ಲೆಂಡಿನ ಡಿಕನ್ಸರ ಕಾದಂಬರಿಯನ್ನು ಚಿಕ್ಕಾಸು ಕೊಡದೆ ಅಚ್ಚು ಹಾಕಬಹುದಾಗಿದ್ದ ಪ್ರಕಾಶಕ, ಸ್ವದೇಶದ ಲೇಖಕನಿಗೆ ಸಂಭಾವನೆಯನ್ನೇಕೆ ಕೊಟ್ಟಾನು? ವಿದೇಶಿ ಲೇಖಕನಿಗಾಗುವ ಅನ್ಯಾಯವೇ ಸ್ವದೇಶಿ ಲೇಖಕನ ಹೊಟ್ಟೆಯ ಮೇಲೂ ಹೊಡೆಯುತ್ತದೆ ಎಂಬುದನ್ನು ಪೋ ಅರಿತಿದ್ದರು. ಅದರ ವಿರುದ್ಧ ಬರೆದರು. 1842ರಲ್ಲಿ ಡಿಕನ್ಸ್ ಅಮೆರಿಕಕ್ಕೆ ಬಂದಾಗ ಫಿಲಡೆಲ್ಫಿಯಾದಲ್ಲಿ ಇಬ್ಬರೂ ಭೇಟಿಯಾದರು. ಒಬ್ಬರು ಕೀರ್ತಿಯ ಶಿಖರದಲ್ಲಿದ್ದರು, ಇನ್ನೊಬ್ಬರು ಮನೆಬಾಡಿಗೆಯ ಚಿಂತೆಯಲ್ಲಿದ್ದರು. ಆ ಕಾನೂನಿನ ಲೋಪದಿಂದ ನಷ್ಟವಾದದ್ದು ಇಬ್ಬರಿಗೂ.

ಈ ಫಿಲಡೆಲ್ಫಿಯಾದ ವರ್ಷಗಳಲ್ಲಿಯೇ ನಮ್ಮ ಕಥಾನಾಯಕಿಯಾದ ಬೆಕ್ಕು ಪ್ರವೇಶಿಸುತ್ತದೆ. 1840ರ ಜನವರಿಯಲ್ಲಿ ಪೋ ಅಲ್ಲಿನ ವಾರಪತ್ರಿಕೆಯೊಂದಕ್ಕೆ ಸಹಜಪ್ರವೃತ್ತಿ ಮತ್ತು ವಿವೇಚನೆಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ವಿಷಯ, ಅವರ ಮನೆಯ ಕರಿಬೆಕ್ಕು. ಅಡುಗೆಮನೆಯ ಬಾಗಿಲಿಗೆ ಹೆಬ್ಬೆರಳಿನಿಂದ ಅದುಮುವ ಚಿಲಕವಿತ್ತು. ಬೆಕ್ಕು ನೆಲದಿಂದ ನೆಗೆದು, ಚಿಲಕದ ಹಿಡಿಯೊಳಗೆ ಒಂದು ಮುಂಗಾಲನ್ನು ತೂರಿಸಿ ಜೋತುಬಿದ್ದು, ಇನ್ನೊಂದು ಕಾಲಿನಿಂದ ಚಿಲಕವನ್ನು ಅದುಮುತ್ತಿತ್ತು. ಬಳಿಕ ಹಿಂಗಾಲಿನಿಂದ ಒದ್ದು ಬಾಗಿಲನ್ನು ತೆರೆಯುತ್ತಿತ್ತು. ಮೊದಲ ನೆಗೆತಕ್ಕೆ ಆಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಹಂತ ಹಂತವಾಗಿ ಇಷ್ಟೆಲ್ಲ ಮಾಡುವ ಜೀವಿಗೆ ವಿವೇಚನೆಯಿಲ್ಲ ಎನ್ನುವುದು ಹೇಗೆ ಎಂಬುದು ಪೋ ಕೇಳಿದ ಪ್ರಶ್ನೆ. ಮನುಷ್ಯನ ಬುದ್ಧಿಗೂ ಪ್ರಾಣಿಯ ಪ್ರವೃತ್ತಿಗೂ ನಡುವಿನ ಗಡಿಕಲ್ಲು ನಾವು ತಿಳಿದಷ್ಟು ಗಟ್ಟಿಯಾಗಿ ನೆಟ್ಟದ್ದಲ್ಲ ಎಂಬುದು ಅವರ ವಾದದ ಸಾರ.

ಹದಿನೈದು ತಿಂಗಳಾಗುವಷ್ಟರಲ್ಲಿ, 1841ರ ಏಪ್ರಿಲಿನಲ್ಲಿ, ತಾವು ಸಂಪಾದಕರಾಗಿದ್ದ ಗ್ರಹಾಮ್ಸ್ ಮಾಸಪತ್ರಿಕೆಯಲ್ಲಿ ಅವರು ರೂ ಮಾರ್ಗ್ ಬೀದಿಯ ಕೊಲೆಗಳ ಕಥೆಯನ್ನು ಪ್ರಕಟಿಸಿದರು. ಒಳಗಿನಿಂದ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಹೆಂಗಸರ ಕೊಲೆಯಾಗಿದೆ. ಕೊಲೆಗಾರ ಒಳಬಂದದ್ದು ಹೇಗೆ, ಹೊರಹೋದದ್ದು ಹೇಗೆ? ದ್ಯುಪಾಂ ಎಂಬ ಪ್ಯಾರಿಸ್ಸಿನ ತರುಣ ಕಿಟಕಿಯ ಮೊಳೆ ಮತ್ತು ಚಿಲಕಗಳ ಪರೀಕ್ಷೆಯಿಂದಲೇ ರಹಸ್ಯವನ್ನು ಬಿಡಿಸುತ್ತಾನೆ. ಆಧುನಿಕ ಪತ್ತೇದಾರಿ ಕಥೆ ಹುಟ್ಟಿದ್ದು ಇಲ್ಲಿಂದ ಎಂಬುದು ಸಾಹಿತ್ಯಚರಿತ್ರೆಕಾರರ ಸಾಮಾನ್ಯ ಅಭಿಪ್ರಾಯ. ಚಾಣಾಕ್ಷ ಪತ್ತೇದಾರ, ಅವನ ಬುದ್ಧಿಗೆ ಬೆರಗಾಗುವ ಗೆಳೆಯ, ದಾರಿತಪ್ಪುವ ಪೊಲೀಸರು, ಕೊನೆಯಲ್ಲಿ ಸಾವಧಾನದ ವಿವರಣೆ, ಈ ಚೌಕಟ್ಟನ್ನು ಮುಂದೆ ಕಾನನ್ ಡಾಯ್ಲ್ 1887ರಲ್ಲಿ ಹೋಮ್ಸ್‌ಗೆ ತೊಡಿಸಿದರು. ಅದೇ ಚೌಕಟ್ಟು ಕೈಯಿಂದ ಕೈಗೆ ದಾಟುತ್ತ ನಮ್ಮ ಪುರುಷೋತ್ತಮನವರೆಗೂ ಬಂತು. ಚಿಲಕ ತೆರೆಯುವ ಬೆಕ್ಕನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಕಣ್ಣೇ ಚಿಲಕದ ಸುತ್ತ ಮೊದಲ ಪತ್ತೇದಾರಿ ಕಥೆಯನ್ನು ಹೆಣೆಯಿತು ಎಂಬುದು ನನ್ನ ಊಹೆ. ಇದನ್ನು ವಿದ್ವಾಂಸರ ಮುಂದೆ ಮಂಡಿಸುವ ಧೈರ್ಯ ನನಗಿಲ್ಲ. ಮೊಮ್ಮಗಳ ಮುಂದೆ ಮಂಡಿಸಿದೆ. ಅವಳು ಒಪ್ಪಿಕೊಂಡಳು.

ಆ ಪತ್ರಿಕೆಯಲ್ಲಿ ಪೋ ಅವರ ಸಂಬಳ ವರ್ಷಕ್ಕೆ 800 ಡಾಲರ್. ಪ್ರಸಾರ ಹಲವು ಪಟ್ಟು ಹೆಚ್ಚಿತು, ಸಂಬಳ ಹೆಚ್ಚಲಿಲ್ಲ. 1842ರ ಜನವರಿಯಲ್ಲಿ ಪಿಯಾನೊ ಮುಂದೆ ಹಾಡುತ್ತಿದ್ದ ವರ್ಜೀನಿಯಾಳ ಬಾಯಿಂದ ರಕ್ತ ಬಂತು. ಅದು ಕ್ಷಯ. ಅಂದಿನ ಮಟ್ಟಿಗೆ ಅದು ದಿನಾಂಕ ಬರೆಯದ ಮರಣಪತ್ರ. ಅವಳು ಚೇತರಿಸಿಕೊಂಡಾಗ ಪೋ ಆಸೆಪಡುವರು. ಮತ್ತೆ ಮಲಗಿದಾಗ ಕುಡಿತಕ್ಕೆ ಬೀಳುವರು. ವಸಂತದಲ್ಲಿ ಅವರು ಆ ಕೆಲಸವನ್ನೂ ಬಿಟ್ಟರು.

ಬದುಕಿನ ಈ ತಿರುವಿನಲ್ಲಿ ಅವರು ಹುಡುಕಿದ್ದು ನಮ್ಮಂಥವರು ಹುಡುಕುವುದನ್ನೇ: ಒಂದು ಸರ್ಕಾರಿ ನೌಕರಿ. ಫಿಲಡೆಲ್ಫಿಯಾದ ಸುಂಕದ ಕಚೇರಿಯಲ್ಲಿ ಒಂದು ಗುಮಾಸ್ತಗಿರಿ ಸಿಕ್ಕರೂ ಸಾಕಿತ್ತು. ಹಗಲು ಲೆಕ್ಕ, ರಾತ್ರಿ ಬರವಣಿಗೆ, ತಿಂಗಳ ಕೊನೆಗೆ ನಿಶ್ಚಿತ ಸಂಬಳ. ಅಧ್ಯಕ್ಷ ಟೈಲರರ ಮಗನ ಪರಿಚಯ ಗೆಳೆಯನೊಬ್ಬನ ಮೂಲಕ ಇತ್ತು, ಆಶ್ವಾಸನೆಯೂ ದೊರೆತಿತ್ತು. 1842ರ ಕೊನೆಯಲ್ಲಿ ನೇಮಕಾತಿಗಳು ನಡೆದವು. ಪೋ ಹೆಸರು ಬರಲಿಲ್ಲ. 1843ರ ಮಾರ್ಚಿನಲ್ಲಿ ಖುದ್ದಾಗಿ ಅಹವಾಲು ಹೇಳಿಕೊಳ್ಳಲು ವಾಷಿಂಗ್ಟನ್ನಿಗೆ ಹೋದವರು ಅಲ್ಲಿ ಕುಡಿದು, ನೆರವಾಗಬಹುದಾಗಿದ್ದವರ ಮುಂದೆಯೇ ಮಾನ ಕಳೆದುಕೊಂಡು ಮರಳಿದರು. ಆ ಹುದ್ದೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಕಚೇರಿಗಳು ಪ್ರತಿಭೆಯನ್ನು ಕೊಲ್ಲುತ್ತವೆ ಎನ್ನುವವರಿದ್ದಾರೆ. ತಿಂಗಳ ಸಂಬಳವು ಪ್ರತಿಭೆಯನ್ನು ಬದುಕಿಸಿದ ಉದಾಹರಣೆಗಳೂ ನಮ್ಮ ಕನ್ನಡದಲ್ಲಿಯೇ ಇವೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದುಕೊಂಡೇ ಬರೆದವರು.

ಅದೇ 1843ರ ಆಗಸ್ಟ್ 19ರಂದು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ 'ದಿ ಬ್ಲ್ಯಾಕ್ ಕ್ಯಾಟ್' ಕಥೆ ಪ್ರಕಟವಾಯಿತು. ಪ್ರಾಣಿಗಳನ್ನು ಪ್ರೀತಿಸುತ್ತಿದ್ದ ಒಬ್ಬ ಮೃದುಸ್ವಭಾವದವನು ಕುಡಿತದಿಂದ ಕ್ರೂರಿಯಾಗುತ್ತಾನೆ. ತನ್ನನ್ನೇ ನಂಬಿದ ಬೆಕ್ಕಿನ ಕಣ್ಣು ಕೀಳುತ್ತಾನೆ. ಆಮೇಲೆ ಅದನ್ನು ನೇಣುಹಾಕುತ್ತಾನೆ. ಎರಡನೆಯ ಬೆಕ್ಕು ಮನೆಗೆ ಬರುತ್ತದೆ. ಅದನ್ನು ಕೊಲ್ಲಲು ಎತ್ತಿದ ಕೊಡಲಿ, ತಡೆಯಲು ಬಂದ ಹೆಂಡತಿಯ ಮೇಲೆ ಬೀಳುತ್ತದೆ. ಶವವನ್ನು ನೆಲಮಾಳಿಗೆಯ ಗೋಡೆಯೊಳಗೆ ಇಟ್ಟು ಗಾರೆ ಬಳಿಯುತ್ತಾನೆ. ಪೊಲೀಸರು ಬಂದು ಎಲ್ಲವನ್ನೂ ಶೋಧಿಸಿ ಏನನ್ನೂ ಕಾಣದೆ ಹೊರಡುವ ಹೊತ್ತಿನಲ್ಲಿ ಅವನು ಜಂಬದಿಂದ ಗೋಡೆಯನ್ನು ಬಡಿದು ತೋರಿಸುತ್ತಾನೆ. ಒಳಗಿನಿಂದ ಕೂಗು ಕೇಳುತ್ತದೆ. ಶವದೊಂದಿಗೆ ಬೆಕ್ಕನ್ನೂ ತಿಳಿಯದೆ ಗೋಡೆಯೊಳಗೆ ಸೇರಿಸಿಬಿಟ್ಟಿರುತ್ತಾನೆ. ಪೊಲೀಸರು ಕಾಣದ್ದನ್ನು ಬೆಕ್ಕು ಹೇಳಿತು. ಮೊಮ್ಮಗಳ ಪುಸ್ತಕಗಳ ರಕ್ಷಾಪುಟದಲ್ಲಿ ಮುದ್ದಾಗಿ ಕುಳಿತಿರುವ ಬೆಕ್ಕುಗಳ ಮೂಲಜ್ಜಿ ಈ ಗೋಡೆಯೊಳಗಿನ ಸಾಕ್ಷಿ. ಪೋ ಆ ಕಾಲದಲ್ಲಿ ವಾಸವಿದ್ದ ಫಿಲಡೆಲ್ಫಿಯಾದ ಮನೆಯೊಂದು ಈಗ ರಾಷ್ಟ್ರೀಯ ಸ್ಮಾರಕ. ಅದರ ನೆಲಮಾಳಿಗೆ ಕಥೆಯ ನೆಲಮಾಳಿಗೆಯನ್ನು ಹೋಲುತ್ತದೆಂದು ಪ್ರವಾಸಿಗರು ನೋಡಲು ಹೋಗುತ್ತಾರೆ.

ಕಥೆಯ ನಿರೂಪಕನೇ ಪೋ ಎಂದು ತಿಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕುಡಿತದ ಮಟ್ಟಿಗೆ ಅದು ಸ್ವಲ್ಪ ನಿಜ. ಬೆಕ್ಕಿನ ಮಟ್ಟಿಗೆ ಸಂಪೂರ್ಣ ಸುಳ್ಳು. ಆ ಮನೆಯಲ್ಲಿ ಮುಂದೆ ಕ್ಯಾಟರೀನಾ ಎಂಬ ಕಪ್ಪು ಕಂದು ಮಿಶ್ರಬಣ್ಣದ ಬೆಕ್ಕು ಮನೆಯ ಮಗಳಂತೆ ಇತ್ತು. 1844ರ ಏಪ್ರಿಲಿನಲ್ಲಿ ಗಂಡ ಹೆಂಡತಿ ನ್ಯೂಯಾರ್ಕಿಗೆ ಹೊರಟಾಗ ಅತ್ತೆಯನ್ನೂ ಬೆಕ್ಕನ್ನೂ ಹಿಂದೆ ಬಿಡಬೇಕಾಯಿತು. ಮರುದಿನವೇ ಪೋ ಅತ್ತೆಗೆ ಕಾಗದ ಬರೆದರು. ವಸತಿಗೃಹದ ಊಟದ ಸಮೃದ್ಧಿಯನ್ನು ಹಸಿದವರ ಹಿಗ್ಗಿನಿಂದ ವರ್ಣಿಸಿದರು. ಕೈಯಲ್ಲಿ ನಾಲ್ಕೂವರೆ ಡಾಲರ್ ಉಳಿದಿದೆಯೆಂದು ಲೆಕ್ಕ ಒಪ್ಪಿಸಿದರು. ನೀವೂ ಕ್ಯಾಟರೀನಾಳೂ ಜೊತೆಯಲ್ಲಿಲ್ಲವೆಂದು ವರ್ಜೀನಿಯಾ ರಾತ್ರಿ ಅತ್ತಳೆಂದು ತಿಳಿಸಿದರು. ಭೀಕರ ಕಥೆಗಳ ಕರ್ತೃವೆಂದು ಲೋಕ ಹೆದರುವ ಮನುಷ್ಯನ ಈ ಕಾಗದವನ್ನು ಓದಿದರೆ ನಮ್ಮ ನಡುವಿನ ಯಾವುದೋ ಬಡ ಗುಮಾಸ್ತನ ಮನೆಯ ಕಾಗದದಂತೆ ತೋರುತ್ತದೆ.

1845ರ ಜನವರಿ 29ರಂದು 'ದಿ ರೇವನ್' ಕವಿತೆ ಪತ್ರಿಕೆಯಲ್ಲಿ ಬಂತು. ನ್ಯೂಯಾರ್ಕಿನ ಮಕ್ಕಳೂ ಅದನ್ನು ಅಣಕಿಸುವಷ್ಟು ಅದು ಪ್ರಸಿದ್ಧವಾಯಿತು. ಅದಕ್ಕೆ ಸಿಕ್ಕ ಸಂಭಾವನೆ ಒಂಬತ್ತು ಡಾಲರ್ ಎಂಬುದು ರೂಢಿಯ ಮಾತು. ಪತ್ರಿಕೆ ಪತ್ರಿಕೆಯಲ್ಲಿ ಅದು ಮರುಮುದ್ರಣಗೊಂಡಿತು. ಕೀರ್ತಿ ಬೆಳೆಯಿತು, ಹಣ ಬರಲಿಲ್ಲ. ಸಾಲ ಮಾಡಿ ಸ್ವಂತಕ್ಕೆ ಕೊಂಡುಕೊಂಡ ವಾರಪತ್ರಿಕೆ 1846ರ ಆರಂಭದಲ್ಲಿ ನಿಂತುಹೋಯಿತು. ಅದೇ ವರ್ಷ ಸಂಸಾರ ನಗರದ ಹೊರಗಿನ ಫೋರ್ಡಮ್ ಎಂಬ ಹಳ್ಳಿಯ ಪುಟ್ಟ ಮರದ ಮನೆಗೆ ಬಂತು.

ಆ ಚಳಿಗಾಲದ ಮೊದಲಲ್ಲಿ ಅಲ್ಲಿಗೆ ಹೋಗಿದ್ದ ಲೇಖಕಿ ಮೇರಿ ಗೋವ್ ಕಂಡದ್ದನ್ನು ಮುಂದೆ ಬರೆದಿಟ್ಟಿದ್ದಾರೆ. ವರ್ಜೀನಿಯಾ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ್ದಳು. ಹೊದೆಯಲು ಕಂಬಳಿ ಇರಲಿಲ್ಲ. ಗಂಡನ ಹಳೆಯ ಮೇಲಂಗಿಯನ್ನು ಹೊದಿಸಿದ್ದರು. ಎದೆಯ ಮೇಲೆ ಕ್ಯಾಟರೀನಾ ಮಲಗಿತ್ತು. ಗಂಡ ಅಂಗೈಗಳನ್ನು, ತಾಯಿ ಅಂಗಾಲುಗಳನ್ನು ಹಿಡಿದು ಕುಳಿತಿದ್ದರು. ಆ ಮೇಲಂಗಿ, ಆ ಬೆಕ್ಕು, ಆ ನಾಲ್ಕು ಕೈಗಳು, ಇವಿಷ್ಟೇ ಅವಳಿಗಿದ್ದ ಬಿಸುಪು. ತನ್ನಿಂದ ಒಂದು ಉಪಕಾರ ಆಗುತ್ತಿದೆಯೆಂದು ಬೆಕ್ಕಿಗೆ ಗೊತ್ತಿದ್ದಂತೆ ತೋರಿತೆಂದು ಆ ಲೇಖಕಿ ಬರೆಯುತ್ತಾರೆ. ಆಮೇಲೆ ಮೇರಿ ಲೂಯಿಸ್ ಶ್ಯೂ ಎಂಬಾಕೆ ಹಾಸಿಗೆ ಹೊದಿಕೆಗಳನ್ನು ತಂದು ಶುಶ್ರೂಷೆ ಮಾಡಿದರು. ಪತ್ರಿಕೆಗಳು ಸಹಾಯಕ್ಕಾಗಿ ಬರೆದವು. 1847ರ ಜನವರಿ 30ರಂದು ವರ್ಜೀನಿಯಾ ತೀರಿಕೊಂಡಳು. ಅವಳಿಗೆ 24 ವರ್ಷ.

ಪೋ ಇನ್ನೂ ಎರಡೂವರೆ ವರ್ಷ ಬದುಕಿದರು. ರಾತ್ರಿ ಬರೆಯುತ್ತ ಕುಳಿತಾಗ ಕ್ಯಾಟರೀನಾ ಭುಜವೇರಿ ಕೂರುತ್ತಿತ್ತೆಂದು ಕಂಡವರು ಹೇಳಿದ್ದಾರೆ. 1849ರಲ್ಲಿ ಬಾಲ್ಯದ ಗೆಳತಿಯೊಂದಿಗೆ ಮರುಮದುವೆಯ ಮಾತುಕತೆಯೂ ಆಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ರಿಚ್‌ಮಂಡಿನಿಂದ ಹೊರಟವರು ಅಕ್ಟೋಬರ್ 3ರಂದು ಬಾಲ್ಟಿಮೋರಿನ ಒಂದು ಹೋಟೆಲಿನ ಬಳಿ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಸಿಕ್ಕರು. ಅಂದು ಚುನಾವಣೆ, ಆ ಹೋಟೆಲೇ ಮತಗಟ್ಟೆ. ಮೈಮೇಲಿದ್ದ ಬಟ್ಟೆ ಅವರದಾಗಿರಲಿಲ್ಲ. ಗುರುತು ಹಿಡಿದು ವೈದ್ಯರಿಗೆ ಚೀಟಿ ಬರೆದವನು ಅಚ್ಚುಕೂಟದ ಮೊಳೆ ಜೋಡಿಸುವ ಒಬ್ಬ ನೌಕರ. ಅಕ್ಟೋಬರ್ 7ರಂದು ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಆಗ ಅವರಿಗೆ ನಲವತ್ತು ವರ್ಷ. ಕಳ್ಳಮತ ಹಾಕಿಸಲು ಜನರನ್ನು ಹಿಡಿದು ಕುಡಿಸಿ, ವೇಷ ಬದಲಿಸಿ ಮತಗಟ್ಟೆಯಿಂದ ಮತಗಟ್ಟೆಗೆ ಎಳೆದೊಯ್ಯುತ್ತಿದ್ದ ಗುಂಪಿಗೆ ಸಿಕ್ಕಿರಬಹುದೆಂದು ಕೆಲವರು, ರೋಗವೆಂದು ಕೆಲವರು, ಕುಡಿತವೆಂದು ಕೆಲವರು. ಪತ್ತೇದಾರಿ ಕಥೆಯ ಜನಕನ ಸಾವು ಇಂದಿಗೂ ಪತ್ತೆಯಾಗದ ಪ್ರಕರಣ. ಸತ್ತ ಎರಡೇ ದಿನಕ್ಕೆ ಗ್ರಿಸ್‌ವೋಲ್ಡ್ ಎಂಬ ಹಗೆಯ ಲೇಖಕ ಸುಳ್ಳು ಹೆಸರಿನಲ್ಲಿ ನಿಂದೆಯ ಶ್ರದ್ಧಾಂಜಲಿ ಬರೆದ. ಆಮೇಲೆ ಕೃತಿಗಳ ಸಂಪಾದಕನೂ ಅವನೇ ಆದ. ಆ ಮಸಿಯನ್ನು ತೊಳೆಯಲು ದಶಕಗಳು ಬೇಕಾದವು. ಅಮೆರಿಕದ ರಹಸ್ಯಕಥೆಗಾರರ ಸಂಘ 1946ರಿಂದ ಕೊಡುತ್ತಿರುವ ಪ್ರಶಸ್ತಿಗೆ ಈಗ ಎಡ್ಗರ್ ಎಂದೇ ಹೆಸರು. ಬೆಕ್ಕಿನ ಕಾದಂಬರಿಯೊಂದಕ್ಕಾಗಿ ಲಿಲಿಯನ್ ಬ್ರೌನರ ಹೆಸರೂ ಆ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತ್ತು.

ಇಷ್ಟನ್ನು ಮೊಮ್ಮಗಳಿಗೆ ಹೇಳಿ ಮುಗಿಸಿದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದೊಂದಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಬಹಳ ವರ್ಷಗಳ ಹಿಂದೆ ನಾನು ಇದ್ದ ಒಂದು ಕಚೇರಿಗೆ ಮುದುಕರೊಬ್ಬರ ಅರ್ಜಿ ಬಂತು. ಪತ್ತೇದಾರಿ ಕಾದಂಬರಿಗಳನ್ನು ಬರೆದು ಜೀವನ ಸಾಗಿಸಿದವರು. ಓದುಗರು ಟೆಲಿವಿಷನ್ನಿನತ್ತ ಹೋದ ಮೇಲೆ ಬರವಣಿಗೆ ನಿಂತಿತ್ತು. ಸಾಹಿತಿಗಳಿಗೆ ಕೊಡುವ ಮಾಸಾಶನಕ್ಕಾಗಿ ಬೇಡಿದ್ದರು. ಪ್ರಕಟಿತ ಕೃತಿಗಳ ಪುರಾವೆ ಲಗತ್ತಿಸಿಲ್ಲ ಎಂದು ಕಡತದ ಮೇಲೆ ಷರಾ ಬರೆದವನು ನಾನು. ಹಸ್ತಪ್ರತಿ ಕೊಟ್ಟು ಕೈಗೆ ಬಂದಷ್ಟು ಹಣ ತೆಗೆದುಕೊಂಡು ಬರುತ್ತಿದ್ದವರ ಬಳಿ ಕರಾರುಪತ್ರ ಇರಲಿಲ್ಲ. ತಾವು ಬರೆದ ಪುಸ್ತಕಗಳ ಪ್ರತಿಗಳೂ ಇರಲಿಲ್ಲ. ಮೂರು ಬಾರಿ ಅರ್ಜಿ ಹಿಂದಿರುಗಿತು. ನಾಲ್ಕನೆಯ ಬಾರಿ ಮಂಜೂರಾದಾಗ ಆದೇಶದ ಪ್ರತಿ ವಿಳಾಸದಾರರು ಮೃತರಾಗಿದ್ದಾರೆ ಎಂಬ ಅಂಚೆಯ ಟಿಪ್ಪಣಿಯೊಂದಿಗೆ ಮರಳಿ ಬಂತು. ನಿಯಮದ ಪ್ರಕಾರ ನನ್ನ ತಪ್ಪೇನೂ ಇರಲಿಲ್ಲ. ಕಡತವನ್ನು ಮುಕ್ತಾಯಗೊಳಿಸಿದೆ.

ಪೋ ಅವರ ಮೂರನೆಯ ಪತ್ತೇದಾರಿ ಕಥೆಯಲ್ಲಿ, ಕಳುವಾದ ಪತ್ರವೊಂದಕ್ಕಾಗಿ ಪೊಲೀಸರು ಮನೆಯ ನೆಲವನ್ನೂ ಕುರ್ಚಿಯ ಕಾಲುಗಳನ್ನೂ ಶೋಧಿಸುತ್ತಾರೆ. ಪತ್ರ ಎಲ್ಲರ ಕಣ್ಣೆದುರಿಗೇ, ಗೋಡೆಯ ಕಾಗದದ ತಟ್ಟೆಯಲ್ಲಿ ನೇತಾಡುತ್ತಿರುತ್ತದೆ. ಅದನ್ನು ಈಗ ಮತ್ತೆ ಓದುವಾಗ ಆ ಕಡತ ನೆನಪಾಯಿತು. ನಮ್ಮ ದೇಶದಲ್ಲಿ 1954ರಿಂದ ಒಂದು ಕಾಯ್ದೆಯಿದೆ. ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತವಾದ ಇತರ ಗ್ರಂಥಾಲಯಗಳಿಗೂ ಕಳುಹಿಸಬೇಕು. ಎಲ್ಲರೂ ಕಳುಹಿಸಿರಲಾರರು. ಆದರೆ ಒಂದು ಕಾಗದ ಬರೆದು ವಿಚಾರಿಸಬಹುದಿತ್ತು. ಆ ಮುದುಕರಿಂದ ನಾನು ಕೇಳಿದ ಪುರಾವೆ ಸರ್ಕಾರದ ಕಪಾಟಿನಲ್ಲಿಯೇ ಇದ್ದಿರಬಹುದು. ಇಪ್ಪತ್ತು ವರ್ಷ ಪತ್ತೇದಾರಿ ಕಾದಂಬರಿ ಓದಿದವನಿಗೆ ಅದು ಹೊಳೆಯಲಿಲ್ಲ. ಈಗ ಆ ಕುರ್ಚಿಯಲ್ಲಿರುವವರಿಗೆ ನನ್ನ ವಿನಂತಿ ಇಷ್ಟೆ: ಲೇಖಕನ ಬಳಿ ಇಲ್ಲದ ದಾಖಲೆಯನ್ನು ಲೇಖಕನಿಂದ ಕೇಳಬೇಡಿ. ನಿಮ್ಮ ಗ್ರಂಥಾಲಯವನ್ನು ಕೇಳಿ. ಎಂಬತ್ತು ದಾಟಿದ ಅರ್ಜಿದಾರರ ವಿಷಯದಲ್ಲಿ ಕಾಲಾವಕಾಶವನ್ನು ನೀವು ತೆಗೆದುಕೊಳ್ಳಬೇಡಿ.

ಮೊಮ್ಮಗಳು ಬೆಂಗಳೂರಿಗೆ ಮರಳಿದ್ದಾಳೆ. ನಮ್ಮ ಮನೆಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಇಲಿಗಳಿಂದ ಕಾಯಲೆಂದು ಸಾಕಿದ ಬೆಕ್ಕೊಂದಿದೆ. ಅದಕ್ಕೆ ಅವಳು ಕ್ಯಾಟರೀನಾ ಎಂದು ಹೆಸರಿಟ್ಟು ಹೋಗಿದ್ದಾಳೆ. ಮನೆಯವರ ಬಾಯಲ್ಲಿ ಅದು ಈಗಾಗಲೇ ಕಾತ್ರಿ ಆಗಿದೆ. ಹಳೆಯ ಕಡತಗಳ ಕಟ್ಟನ್ನು ಇಟ್ಟಿರುವ ಕೋಣೆಯ ಬಾಗಿಲಿಗೆ ಚಿಲಕ ಹಾಕಿಯೇ ಇರುತ್ತೇನೆ. ಆದರೂ ಬೆಳಿಗ್ಗೆ ನೋಡಿದರೆ ಅದು ಆ ಕಟ್ಟಿನ ಮೇಲೆಯೇ ಮಲಗಿರುತ್ತದೆ.